ಇಂಗ್ಲೆಂಡಿನ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಿದ್ದನ್ನು ಪುರಾತತ್ವದವರಿಗೆ ತೋರಿಸಿದರೆ ಕಿತ್ತುಕೊಳ್ಳುತ್ತಾರಾ?

ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1997ರಲ್ಲಿ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ (ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಯೋಜನೆ) ಶುರುವಾಗಿದ್ದೇ ಇದಕ್ಕೆ. ಅದರ ಸ್ಥಳೀಯ ಅಧಿಕಾರಿಯಾದ ನಿಮ್ಮ ಭಾಗದ ಫೈಂಡ್ಸ್ ಲಿಯೇಸನ್ ಆಫೀಸರ್ ವಸ್ತುವನ್ನು ಅಳೆದು, ತೂಗಿ, ಫೋಟೊ ತೆಗೆದು ದಾಖಲಿಸಿ ವಾಪಸ್ ಕೊಡುತ್ತಾರೆ. ಕಾನೂನಿನ ಪ್ರಕಾರ ‘ನಿಧಿ’ಯಾದರೆ ಮಾತ್ರ ಲೆಕ್ಕ ಬೇರೆ. 300 ವರ್ಷ ದಾಟಿದ ಚಿನ್ನ, ಬೆಳ್ಳಿಯ ಒಡವೆ ಅಥವಾ ಒಂದೇ ಕಡೆ ಸಿಕ್ಕ ಅಷ್ಟೇ ಹಳೆಯ ಎರಡು ಚಿನ್ನ-ಬೆಳ್ಳಿ ನಾಣ್ಯ (ತಾಮ್ರದವಾದರೆ ಹತ್ತು) ಇದ್ದರೆ 14 ದಿನದೊಳಗೆ ಕಾರೊನರ್‌ಗೆ (ನಿಧಿಯ ವಿಚಾರಣೆ ನಡೆಸುವ ಅಧಿಕಾರಿಗೆ) ತಿಳಿಸಲೇಬೇಕು. ಮ್ಯೂಸಿಯಂ ಕೊಂಡರೆ ಬಹುಮಾನದ ಹಣ ಸಾಮಾನ್ಯವಾಗಿ ನಿಮಗೂ ಜಮೀನಿನವರಿಗೂ ಅರ್ಧರ್ಧ.

ಪುರಾತತ್ವದವರಿಗೆ ಬೇಕಾಗಿರುವುದು ವಸ್ತುವಿಗಿಂತ ಹೆಚ್ಚಾಗಿ ಅದು ಬಿದ್ದಿದ್ದ ಜಾಗ. 2010ರಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಹತ್ತಿರ ಒಬ್ಬ ಹವ್ಯಾಸಿಗೆ ನಾಣ್ಯ ತುಂಬಿದ ಮಡಕೆಯ ಬಾಯಿ ಕಂಡಿತು. ಅವರು ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಗುಂಡಿ ಮುಚ್ಚಿ, ತಜ್ಞರನ್ನು ಕರೆದರು. ಒಳಗಿದ್ದದ್ದು 52,503 ರೋಮನ್ ನಾಣ್ಯ, ಸುಮಾರು 160 ಕಿಲೊ. ಪದರ ಪದರವಾಗಿ ತೆಗೆದಾಗ, ಅವುಗಳಲ್ಲಿ ತೀರಾ ಈಚಿನವಾದ, ಕರೌಸಿಯಸ್ ಎಂಬ ರೋಮನ್ ದೊರೆಯ ನಾಣ್ಯಗಳಲ್ಲಿ ಬಹುಪಾಲು ಮಡಕೆಯ ಅರ್ಧಕ್ಕಿಂತ ಕೆಳಗೇ ಇದ್ದವು. ವರ್ಷ ವರ್ಷ ಕೂಡಿಟ್ಟ ಹುಂಡಿಯಾಗಿದ್ದರೆ ಅವು ಮೇಲಿರಬೇಕಿತ್ತು. ಅಂದರೆ ಎಲ್ಲವನ್ನೂ ಒಂದೇ ಸಲ ಸುರಿದಿದ್ದಾರೆ. ಅವಸರದಲ್ಲಿ ಬಕೆಟ್ಟಿಗೆ ತೋಡಿಕೊಂಡಿದ್ದರೆ ಈ ಮಾತು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನೀವು ಮಾಡಬೇಕಾದ್ದು: ಮೊದಲು ಜಮೀನಿನವರ ಅನುಮತಿ, ಬರಹದಲ್ಲಿ. ಅದು ಸಂರಕ್ಷಿತ ಸ್ಮಾರಕದ ಜಾಗವೇ ಎಂದು ನೋಡಿಕೊಳ್ಳಿ. ಆಗಿದ್ದರೆ ಲೈಸೆನ್ಸ್ ಇಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ. ಉತ್ತ ಹೊಲದಲ್ಲಿ ನೇಗಿಲು ತಿರುವಿದ ಮಣ್ಣು ದಾಟಿ ಅಗೆಯಬೇಡಿ. ಅದರ ಕೆಳಗೂ ಸಿಗ್ನಲ್ ಗಟ್ಟಿಯಾಗಿದ್ದರೆ, ಅಥವಾ ವಸ್ತುಗಳು ಗುಂಪಾಗಿ ಸಿಕ್ಕರೆ, ನಿಲ್ಲಿಸಿ ಫೋನ್ ಮಾಡಿ. ಜಿಪಿಎಸ್ ಅನ್ನು ಗುಂಡಿಯ ಮೇಲೆ ಅರ್ಧ ನಿಮಿಷ ಹಿಡಿದು ಗ್ರಿಡ್ ರೆಫರೆನ್ಸ್ (ನಕ್ಷೆಯಲ್ಲಿ ಜಾಗ ಗುರುತಿಸುವ ಅಂಕಿ) ಬರೆದುಕೊಳ್ಳಿ. ಆರು ಅಂಕಿ ಬರೆದರೆ 100 ಮೀಟರ್ ಚೌಕ, ಎಂಟಾದರೆ 10 ಮೀಟರ್, ಹತ್ತಾದರೆ 1 ಮೀಟರ್. ಮನೆಗೆ ಬಂದು ನೆನಪಿನಿಂದ ಬರೆದದ್ದು ಪ್ರಯೋಜನಕ್ಕೆ ಬರುವುದಿಲ್ಲ. ಒಂದು ವಸ್ತುವಿಗೆ ಒಂದು ಜಿಪ್ ಚೀಲ, ಮೇಲೆ ಮಾರ್ಕರ್‌ನಲ್ಲಿ ಅಂಕಿ. ಒದ್ದೆ ಇದ್ದರೆ ಚೀಲಕ್ಕೆ ನಾಲ್ಕು ತೂತು.

ದಯವಿಟ್ಟು ಉಜ್ಜಬೇಡಿ. ಪೂಜೆಯ ತಂಬಿಗೆಗೆ ಹಚ್ಚುವಂತೆ ಹುಣಸೆಹಣ್ಣು ಹಚ್ಚಿದರೆ ನಾಣ್ಯ ಹೊಳೆಯುತ್ತದೆ, ಅಕ್ಷರ ಹೋಗುತ್ತದೆ. ಹಳೆಯ ಕಂಚಿನಲ್ಲಿ ಮೂಲ ಮೇಲ್ಮೈಯ ಗೆರೆಗಳು ಉಳಿದಿರುವುದೇ ಆ ಹಸಿರು ಪದರದಲ್ಲಿ.

ಡಿಟೆಕ್ಟರ್ ಹಿಡಿದವರ ಮೇಲೆ ಪುರಾತತ್ವದವರಿಗಿರುವ ಅನುಮಾನಕ್ಕೂ ಕಾರಣವಿದೆ. ನಮ್ಮ ಕಡೆ ನಿಧಿಗಳ್ಳರು ವೀರಗಲ್ಲು ಕಿತ್ತು ಗುಂಡಿ ತೋಡುತ್ತಾರಲ್ಲ, ಅಲ್ಲೂ ಕತ್ತಲಲ್ಲಿ ಹೊಲಕ್ಕೆ ನುಗ್ಗುವವರಿದ್ದಾರೆ, ‘ನೈಟ್‌ಹಾಕ್’ ಎನ್ನುತ್ತಾರೆ. ಹಾಗಾಗಿ ಆಫೀಸರ್‌ಗೆ ಮೊದಲ ಸಲ ಬರೆಯುವಾಗಲೇ ಯಾರ ಹೊಲ, ಯಾವ ದಿನ, ಎಷ್ಟು ಆಳ ಎಂದು ತಿಳಿಸಿ. ಚೆಂದದವನ್ನಷ್ಟೇ ಆರಿಸಿ ಕೊಡಬೇಡಿ. ಸೀಸದ ಚೂರು, ಮುರಿದ ಬಕಲ್ಲೂ ಬರಲಿ.