ಹೊಸ ಮೈಕ್ ಆಮೇಲೆ, ಮೊದಲು ಕೋಣೆ ಬದಲಿಸಿ

ಪ್ರಶ್ನೆ: ಹವ್ಯಾಸಕ್ಕೆ ಭಾವಗೀತೆ ಹಾಡುತ್ತೇನೆ. ಹಾಲ್‌ನಲ್ಲಿ ಸ್ಪೀಕರಿಗೆ ಕರೋಕೆ ಟ್ರ್ಯಾಕ್ ಹಾಕಿ, ಫೋನನ್ನು ಟೇಬಲ್ ಮೇಲಿಟ್ಟು ರೆಕಾರ್ಡ್ ಮಾಡುತ್ತೇನೆ. ಬಚ್ಚಲಮನೆಯಲ್ಲಿ ಹಾಡಿದ ಹಾಗೆ ಕೇಳಿಸುತ್ತದೆ. 10,000 ರೂಪಾಯಿಯ ಕಂಡೆನ್ಸರ್ ಮೈಕ್ ಕೊಂಡರೆ ಸರಿಹೋಗುತ್ತದಾ?

ಉತ್ತರ: ದಯವಿಟ್ಟು ಈಗಲೇ ಕೊಳ್ಳಬೇಡಿ. ಕಂಡೆನ್ಸರ್ ಮೈಕ್ ತುಂಬಾ ಸೂಕ್ಷ್ಮ. ನಿಮ್ಮ ದನಿಯ ಜೊತೆಗೆ ಹಾಲ್‌ನ ಗುಂಯ್ ಅನ್ನುವ ಸದ್ದು, ಫ್ಯಾನು, ಪಕ್ಕದ ಮನೆಯ ಕುಕ್ಕರ್ ಸೀಟಿ ಎಲ್ಲವನ್ನೂ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ನಿಮ್ಮ ತೊಂದರೆ ಇರುವುದು ಕೋಣೆಯಲ್ಲಿ ಮತ್ತು ದೂರದಲ್ಲಿ.

ನಮ್ಮ ಮನೆಗಳಲ್ಲಿ ನೆಲಕ್ಕೆ ಟೈಲ್ಸ್ ಅಥವಾ ಗ್ರಾನೈಟ್, ಸುತ್ತ ಖಾಲಿ ಗೋಡೆ. ದನಿ ಎಲ್ಲಾ ಕಡೆ ಬಡಿದು ವಾಪಸ್ ಬರುತ್ತದೆ. ಹಾಗಾಗಿ ಮಲಗುವ ಕೋಣೆಗೆ ಹೋಗಿ. ಹಾಸಿಗೆ, ಪರದೆ, ಬಟ್ಟೆ ತುಂಬಿದ ಬೀರು ಇರುವುದು ಅಲ್ಲೇ ಅಲ್ವಾ? ಬೀರುವಿನ ಬಾಗಿಲು ತೆರೆದಿಡಿ, ನಿಮ್ಮ ಬೆನ್ನ ಹಿಂದೆ ದಪ್ಪ ಕಂಬಳಿ ಇಲ್ಲವೇ ಕೌದಿ ತೂಗುಹಾಕಿ. ಬೆನ್ನ ಹಿಂದೆಯೇ ಯಾಕೆಂದರೆ ಮೈಕ್ ನಿಮ್ಮ ಕಡೆಗೆ ಮುಖ ಮಾಡಿರುತ್ತದೆ, ನಿಮ್ಮ ಹಿಂದಿನ ಗೋಡೆಯಿಂದ ಬಂದ ಸದ್ದು ನೇರ ಅದರೊಳಗೆ ಹೋಗುತ್ತದೆ. ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ. ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ.

ಇನ್ನು ದೂರ. ಬಾಯಿಗೂ ಮೈಕ್‌ಗೂ ನಡುವಿನ ದೂರ ಎರಡು ಪಟ್ಟಾದರೆ ನೇರ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಗುಂಯ್ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಟೇಬಲ್ ಮೇಲಿನ ಫೋನ್ ನಿಮ್ಮ ದನಿಯನ್ನು ದೂರ ತಳ್ಳುತ್ತಿರುವುದು ಹೀಗೆ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಒಂದು ಗೇಣು ದೂರದಲ್ಲಿಡಿ, ಬಾಯಿಗೆ ನೇರವಾಗಿ ಬೇಡ, ಸ್ವಲ್ಪ ಪಕ್ಕಕ್ಕೆ. ಆಗ ಪ, ಬ, ಭ ಬಂದಾಗ ಉಸಿರು ಡಬ್ ಅಂತ ಬಡಿಯುವುದಿಲ್ಲ. ತಾರಸ್ಥಾಯಿಗೆ ಹೋಗುವಾಗ ತಲೆ ತುಸು ಹಿಂದಕ್ಕೆ ತೆಗೆದುಕೊಳ್ಳಿ.

ಸ್ಪೀಕರ್ ಮಾತ್ರ ಖಂಡಿತ ಬೇಡ. ಟ್ರ್ಯಾಕ್ ಆಗಲಿ, ತಂಬೂರಿ ಶ್ರುತಿ ಆಗಲಿ, ವೈರ್ ಇರುವ ಇಯರ್‌ಫೋನ್‌ನಲ್ಲಿ ಕೇಳಿಕೊಂಡು ಹಾಡಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಕಿವಿಗೆ ಬರುತ್ತದೆ, ತಾಳ ಕೈತಪ್ಪುತ್ತದೆ. ಒಂದು ಕಿವಿ ತೆರೆದಿಟ್ಟುಕೊಂಡರೆ ಶ್ರುತಿ ಹಿಡಿಯುವುದು ಅನೇಕರಿಗೆ ಸುಲಭ.

ರೆಕಾರ್ಡಿಂಗ್ ಆ್ಯಪ್‌ನಲ್ಲಿ ವೇವ್ (WAV) ಫಾರ್ಮ್ಯಾಟ್ ಆರಿಸಿ, ಅದರಲ್ಲಿ ಸದ್ದು ಕುಗ್ಗದೆ ಹಾಗೇ ಉಳಿಯುತ್ತದೆ. ತಾನಾಗಿ ಸದ್ದು ಏರಿಸಿ ಇಳಿಸುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ನೀವು ಕಷ್ಟಪಟ್ಟು ಸಣ್ಣಗೆ ಹಾಡಿದ ಸಾಲನ್ನೂ ಅದು ಜೋರು ಮಾಡಿಬಿಡುತ್ತದೆ. ಹಾಡಿನ ಅತಿ ಜೋರಾದ ಸಾಲನ್ನೇ ಮೊದಲು ಹಾಡಿ ನೋಡಿ. ಆ್ಯಪ್‌ನಲ್ಲಿ ಸದ್ದಿನ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡೆಸಿಬಲ್ ದಾಟಬಾರದು. ದನಿ ಒಮ್ಮೆ ಒಡೆದು ರೆಕಾರ್ಡ್ ಆದರೆ ಆಮೇಲೆ ಪೂರ್ತಿ ಸರಿಮಾಡುವುದು ಆಗದ ಮಾತು.

ನಂತರ ಆಡಾಸಿಟಿಯಲ್ಲಿ ತೆರೆಯಿರಿ, ಅದು ಕಂಪ್ಯೂಟರ್‌ನಲ್ಲಿ ಸದ್ದು ತಿದ್ದುವ ಉಚಿತ ತಂತ್ರಾಂಶ. 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ಸದ್ದು ತೆಗೆದು, ಹದವಾಗಿ ಕಂಪ್ರೆಷನ್ ಕೊಡಿ, ಅಂದರೆ ಜೋರು ಮತ್ತು ಸಣ್ಣ ದನಿಯ ನಡುವಿನ ಅಂತರ ತುಸು ಕಡಿಮೆ ಮಾಡಿ. ರಿವರ್ಬ್, ಅಂದರೆ ಕೃತಕ ಗುಂಯ್‌ಗುಡುವಿಕೆ, ಕೊನೆಗೆ, ಅದೂ ಚೂರೇ ಚೂರು. ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ, ಸದ್ದಿನ ಗುಣಮಟ್ಟ ಕೆಡದಿರಲು, ಡಾಕ್ಯುಮೆಂಟ್ ಆಗಿ ಕಳಿಸಿ.