ಕಬ್ಬಿಣದ ಸಜ್ಜೆ ಒಳ್ಳೇದೇ, ಆದ್ರೆ ವಾರಕ್ಕೆ ಎರಡು ದಿನದ ರೊಟ್ಟಿ ಸಾಲಲ್ಲ

(ಕೊಪ್ಪಳ ಜಿಲ್ಲೆಯ ಓದುಗರೊಬ್ರು, ನಿವೃತ್ತ ಮಾಸ್ತರ್ರು, ಈಗ ಊರಿನ ರೈತ ಉತ್ಪಾದಕ ಕಂಪನಿಯ ನಿರ್ದೇಶಕರು, ಬರೆದ ಪತ್ರದ ಸಾರ ಇಷ್ಟು: "ನಮ್ಮ ರೈತರಿಗೆ ಕಬ್ಬಿಣಾಂಶ ಜಾಸ್ತಿ ಇರೋ ಧನಶಕ್ತಿ ಸಜ್ಜೆ ಬೀಜ ಕೊಟ್ಟು, ಬೆಳೆದಿದ್ದನ್ನ ನಾವೇ ಕೊಂಡು, ಹಿಟ್ಟು ಮಾಡ್ಸಿ ತಾಲೂಕಿನ ಹೆಣ್ಣುಮಕ್ಕಳ ಹಾಸ್ಟೆಲ್‌ಗಳಿಗೆ ವಾರಕ್ಕೆ ಎರಡು ದಿನ ರೊಟ್ಟಿಗೆ ಕೊಡಬೇಕು ಅಂತಿದೀವಿ. ಮೂರು ವರ್ಷದಲ್ಲಿ ಮಕ್ಕಳ ರಕ್ತಹೀನತೆ ಪೂರ್ತಿ ಹೋಗಿಸೋದು ಗುರಿ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡೋ ಸಿಎಸ್‌ಆರ್ ಹಣ ಕೇಳೋಕೆ ಪ್ರಸ್ತಾವನೆ ರೆಡಿ ಇದೆ. ಕೆಲವರು ಇದು ಕುಲಾಂತರಿ ಅಂತ ಹೆದರಿಸ್ತಿದಾರೆ. ಓದಿ ನೋಡಿ, ಮುಲಾಜಿಲ್ಲದೆ ಹೇಳಿ.")

ಮಾಸ್ತರ್ರೇ, ನಮಸ್ಕಾರ.

ಪತ್ರಾನೂ ಓದಿದೆ, ಪ್ರಸ್ತಾವನೇನೂ ಪೂರ್ತಿ ಓದಿದೆ. ಮೊದಲು ಕುಲಾಂತರಿ ಮಾತು ಮುಗಿಸಿಬಿಡ್ತೀನಿ, ಯಾಕಂದ್ರೆ ಊರಲ್ಲಿ ಅದು ಒಂದ್ಸಲ ಹಬ್ಬಿಬಿಟ್ರೆ ಆಮೇಲೆ ಬೀಜದ ಚೀಲಾನ ಯಾರೂ ಮುಟ್ಟಲ್ಲ. ಕುಲಾಂತರಿ ಅಂದ್ರೆ ಪ್ರಯೋಗಾಲಯದಲ್ಲಿ ಬೇರೆ ಜೀವಿಯ ಜೀನ್ ಸೇರಿಸಿ ಮಾಡಿದ್ದು, ಧನಶಕ್ತಿ ಅದಲ್ಲವೇ ಅಲ್ಲ. ಐಸಿಟಿಪಿ 8203 ಅನ್ನೋ ಹಳೇ ಸಜ್ಜೆ ತಳಿ ಇತ್ತು, ಅದರ ಮೂಲ ಆಫ್ರಿಕಾದ ಟೋಗೋ ದೇಶದ ನಾಟಿ ಸಜ್ಜೆ. ಹೈದರಾಬಾದ್ ಹತ್ರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಆ ತಳಿಯೊಳಗೇ ಕಬ್ಬಿಣ ಜಾಸ್ತಿ ಇರೋ ಗಿಡಗಳನ್ನ ಆರಿಸಿ ಆರಿಸಿ ಇದನ್ನ ಮಾಡಿದ್ದು. 2012ರಲ್ಲಿ ಮಹಾರಾಷ್ಟ್ರಕ್ಕೆ ಬಿಡುಗಡೆ ಆಯ್ತು, 2014ರಲ್ಲಿ ಇಡೀ ದೇಶಕ್ಕೆ. ಜನ ಕೇಳಿರೋ ಗಲಾಟೆ ಗೋಲ್ಡನ್ ರೈಸ್‌ದು, ಫಿಲಿಪೈನ್ಸ್‌ನಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿ 2024ರಲ್ಲಿ ಕೋರ್ಟ್ ತಡೆದ ಭತ್ತ ಅದು, ಅದು ಕುಲಾಂತರಿ ಹೌದು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಗ್ರಾಮಸಭೆಲಿ ಧೈರ್ಯವಾಗಿ ಹೇಳಿ.

ಈ ಬೀಜದ ಬಗ್ಗೆ ನನಗೆ ಅನುಮಾನ ಇಲ್ಲ. ಸಾಮಾನ್ಯ ಸಜ್ಜೆಲಿ ಕೆಜಿಗೆ 45ರಿಂದ 50 ಮಿಲಿಗ್ರಾಂ ಕಬ್ಬಿಣ ಇದ್ರೆ ಇದರಲ್ಲಿ 70ರ ಮೇಲೆ, ಕೆಲವು ಕಡೆ 80ರ ತನಕ ಬಂದಿದೆ. ಸತುವೂ ಜಾಸ್ತಿ. ಮೈಗೆ ಹತ್ತುತ್ತಾ ಅನ್ನೋದು ಮುಂದಿನ ಪ್ರಶ್ನೆ, ಅದಕ್ಕೂ ಪುರಾವೆ ಇದೆ, ಅದೂ ನಮ್ಮ ಕರ್ನಾಟಕದಲ್ಲೇ. ಬೆಳಗಾವಿ ಕಡೆ ಎರಡು ವರ್ಷ ಆಸುಪಾಸಿನ ಪುಟ್ಟ ಮಕ್ಕಳಿಗೆ ಸಜ್ಜೆಯ ಶಿರಾ, ಉಪ್ಪಿಟ್ಟು, ರೊಟ್ಟಿ ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಬಂತು. ಮಾಮೂಲಿ ಸಜ್ಜೆ ತಿಂದ ಮಕ್ಕಳ ಮೈ ಹೀರಿಕೊಂಡ ಕಬ್ಬಿಣ ದಿನಕ್ಕೆ 0.23 ಮಿಲಿಗ್ರಾಂ, ಕಬ್ಬಿಣದ ಸಜ್ಜೆ ತಿಂದವರದು 0.67. ಎರಡೂವರೆ ಪಟ್ಟಿಗಿಂತ ಜಾಸ್ತಿ, ಸಣ್ಣ ಮಾತಲ್ಲ. 2015ರಲ್ಲಿ ಮಹಾರಾಷ್ಟ್ರದ ಹೈಸ್ಕೂಲ್ ವಯಸ್ಸಿನ ಮಕ್ಕಳ ಮೇಲೆ ನಡೆದ ಅಧ್ಯಯನ ಬಂತು. ದಿನಾ ಎರಡು ಹೊತ್ತು ಭಾಕ್ರಿ, ಸೇವ್ ರೂಪದಲ್ಲಿ ಕೊಟ್ರು. ಶುರುವಲ್ಲಿ ಕಬ್ಬಿಣದ ಕೊರತೆ ಇದ್ದವರ ಪೈಕಿ ಈ ಸಜ್ಜೆ ತಿಂದವರು ಆರು ತಿಂಗಳಲ್ಲಿ ಕೊರತೆಯಿಂದ ಹೊರಬರೋ ಸಾಧ್ಯತೆ ಉಳಿದವರಿಗಿಂತ 1.64 ಪಟ್ಟು ಇತ್ತು. ನಿಮ್ಮ ಪ್ರಸ್ತಾವನೆಲಿ ಈ ಎರಡನ್ನೂ ಹಾಕಿದೀರ, ಸರಿಯಾಗೇ ಹಾಕಿದೀರ. ಹಾಕದೇ ಇರೋದು ಮುಂಬೈ ಸ್ಲಮ್‌ಗಳಲ್ಲಿ ಒಂದರಿಂದ ಒಂದೂವರೆ ವರ್ಷದ ಮಕ್ಕಳಿಗೆ ಒಂಬತ್ತು ತಿಂಗಳು ಕೊಟ್ಟು ನೋಡಿದ ಅಧ್ಯಯನ. ಅಲ್ಲಿ ಒಟ್ಟಾರೆ ಮಕ್ಕಳಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಹಾಕಿ. ಹಣ ಕೊಡೋರು ತಾವೇ ಹುಡುಕಿ ಕೇಳೋದಕ್ಕಿಂತ ನೀವೇ ಹೇಳಿದ್ರೆ ನಂಬಿಕೆ ಬರುತ್ತೆ.

ಈಗ ಅಸಲಿ ವಿಷಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ನೀವು ಗಣಿತದ ಮಾಸ್ತರ್ರು ಬೇರೆ.

ಒಂದು ಹುಡುಗಿ ದಿನಕ್ಕೆ ಮೂರು ರೊಟ್ಟಿ ತಿಂತಾಳೆ ಅಂದ್ಕೊಳ್ಳಿ, ಹಿಟ್ಟು ಸುಮಾರು 150 ಗ್ರಾಂ. ಮಾಮೂಲಿ ಸಜ್ಜೆ ಆದ್ರೆ ಅದರಲ್ಲಿ 7 ಮಿಲಿಗ್ರಾಂ ಕಬ್ಬಿಣ, ಧನಶಕ್ತಿ ಆದ್ರೆ 11. ಅಂದ್ರೆ ನಿಮ್ಮ ಯೋಜನೆಯಿಂದ ಹೆಚ್ಚಾಗಿ ಸಿಗೋದು 4 ಮಿಲಿಗ್ರಾಂ ಚಿಲ್ಲರೆ. ಇದು ದಿನಾ ತಿಂದ್ರೆ. ವಾರಕ್ಕೆ ಎರಡೇ ದಿನ ಅಂದ್ರೆ ಎಂಟು ಚಿಲ್ಲರೆ ಮಿಲಿಗ್ರಾಂನ ಏಳು ದಿನಕ್ಕೆ ಹಂಚಿ, ದಿನಕ್ಕೆ ಒಂದು ಮಿಲಿಗ್ರಾಂ ಚೂರು ಬರುತ್ತೆ. ಆ ವಯಸ್ಸಿನ ಹುಡುಗಿಗೆ ದಿನಕ್ಕೆ ಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿರೋದು 30 ಮಿಲಿಗ್ರಾಂ ಆಸುಪಾಸು. ಆ ಒಂದರಲ್ಲೂ ಮೈಗೆ ಹತ್ತೋದು ಸ್ವಲ್ಪವೇ, ಯಾಕಂದ್ರೆ ಕಾಳಲ್ಲಿ ಸಹಜವಾಗೇ ಇರೋ ಫೈಟೇಟ್ ಅನ್ನೋ ಅಂಶ ಕಬ್ಬಿಣಾನ ಹಿಡ್ಕೊಂಡು ಬಿಡುತ್ತೆ. ಮಹಾರಾಷ್ಟ್ರದ ಫಲಿತಾಂಶ ದಿನಾ ಎರಡು ಹೊತ್ತು ತಿಂದವರದು, ಅದನ್ನ ತೋರಿಸಿ ವಾರಕ್ಕೆ ಎರಡು ದಿನ ಕೊಡೋಕೆ ಹಣ ಕೇಳಿದ್ರೆ ತಪ್ಪಾಗುತ್ತೆ, ಹಣ ಬರಬಹುದು, ಆದ್ರೆ ಮೂರು ವರ್ಷ ಆದ್ಮೇಲೆ ಆ ಮಕ್ಕಳ ಮುಖ ಹಾಗೇ ಬಿಳಚಿಕೊಂಡಿರುತ್ತೆ, ಆಗ ಊರವರು ಬೀಜಾನೇ ಬಯ್ತಾರೆ. ನನಗೆ ಅದೇ ಹೆದರಿಕೆ. ಒಳ್ಳೇ ಬೀಜಕ್ಕೆ ಕೆಟ್ಟ ಹೆಸರು ಬರಬಾರದು.

ಹಾಗಾದ್ರೆ ದಿನಾ ಕೊಡಿ ಅಂತ ಸುಮ್ನೆ ಹೇಳೋಕಾಗುತ್ತಾ? ಹಾಸ್ಟೆಲ್ ಅಡುಗೆಮನೆ ಒಳಗೆ ಹೋಗಿ ನಿಂತ್ಕೊಂಡು ನೋಡಿ. ನೂರು ಮಕ್ಕಳಿಗೆ ತಲಾ ಮೂರು ಅಂದ್ರೆ ಮುನ್ನೂರು ರೊಟ್ಟಿ. ಸಜ್ಜೆ ಹಿಟ್ಟಲ್ಲಿ ಗೋಧಿ ತರ ಅಂಟು ಇರಲ್ಲ, ಕುದಿಯೋ ನೀರು ಹಾಕಿ ನಾದಿ, ಕೈಯಲ್ಲಿ ಬಡಿದು, ಹಂಚಿನ ಮೇಲೆ ಹಾಕಿ ನೀರು ಸವರಬೇಕು, ಬಡಿಯುವಾಗ ಅಂಚು ಬಿರಿಯುತ್ತೆ. ಇಬ್ಬರೋ ಮೂವರೋ ಅಡುಗೆಯವರು ಬೆಳಿಗ್ಗೆ ತಿಂಡಿ ಮಾಡಿ, ಸಾರು ಪಲ್ಯ ಮಾಡಿ, ಮುನ್ನೂರು ರೊಟ್ಟಿ ಯಾವಾಗ ಬಡೀಬೇಕು? ನಿಮ್ಮ ಎಂಟು ಪುಟದಲ್ಲಿ ಈ ಹೆಂಗಸರ ಬಗ್ಗೆ ಒಂದು ಸಾಲೂ ಇಲ್ಲ. ಅವರಿಗೆ ಕೂಲಿ ಇಡದಿದ್ರೆ ಮೊದಲ ತಿಂಗಳಾದ್ಮೇಲೆ ಸಜ್ಜೆ ಚೀಲ ಮೂಲೆ ಸೇರುತ್ತೆ, ಅನ್ನ ಸಾಂಬಾರು ವಾಪಸ್ ಬರುತ್ತೆ. ನಿಮ್ಮ ಕಡೆ ಕಡಕ್ ರೊಟ್ಟಿ ಮಾಡಿ ಮಾರೋ ಮಹಿಳಾ ಸಂಘಗಳು ಬೇಕಾದಷ್ಟಿವೆ, ಎಳ್ಳು ಹಚ್ಚಿದ ಸಜ್ಜೆ ಕಡಕ್ ರೊಟ್ಟಿ ಅವರ ಕೈಯಲ್ಲಿ ಮಾಡ್ಸಿ, ವಾರಕ್ಕೊಮ್ಮೆ ಹಾಸ್ಟೆಲ್‌ಗೆ ತಲುಪಿಸಿ. ಅವರಿಗೂ ಕೆಲಸ ಸಿಗುತ್ತೆ, ಅಡುಗೆಯವರ ರಟ್ಟೇನೂ ಉಳಿಯುತ್ತೆ.

ಇನ್ನೊಂದು, ಹಿಟ್ಟು. ತಿಂಗಳಿಗೊಮ್ಮೆ ಹಿಟ್ಟು ಪ್ಯಾಕ್ ಮಾಡಿ ಕೊಡ್ತೀವಿ ಅಂತ ಬರ್ದಿದೀರ, ದಯವಿಟ್ಟು ಬೇಡ. ಸಜ್ಜೆಲಿ ಎಣ್ಣೆ ಅಂಶ ಜಾಸ್ತಿ, ಬೀಸಿದ್ಮೇಲೆ ಆ ಎಣ್ಣೆ ಬೇಗ ಕೆಡುತ್ತೆ, ವಾರ ಹತ್ತು ದಿನ ಕಳೆಯೋದ್ರೊಳಗೆ ಹಿಟ್ಟು ಕಹಿ ಆಗುತ್ತೆ, ಮುಗ್ಗಲು ವಾಸನೆ ಬರುತ್ತೆ. ನಿಮ್ಮನೆಯವ್ರನ್ನ ಕೇಳಿದ್ರೆ ನನಗಿಂತ ಚೆನ್ನಾಗಿ ಹೇಳ್ತಾರೆ. ಮಕ್ಕಳು ಒಂದ್ಸಲ ಕಹಿ ರೊಟ್ಟಿ ತಿಂದ್ರೆ ಮುಗೀತು, ಆಮೇಲೆ ಎಷ್ಟು ಪೌಷ್ಟಿಕ ಅಂತ ಭಾಷಣ ಮಾಡಿದ್ರೂ ತಟ್ಟೇಲೇ ಬಿಡ್ತಾರೆ. ಕಾಳನ್ನ ಕಾಳಾಗೇ ಇಟ್ಟು ವಾರವಾರ ಗಿರಣಿಗೆ ಹಾಕ್ಸಿ. ಮತ್ತೆ ಬೇಸಿಗೇಲಿ ಸಜ್ಜೆ ಉಷ್ಣ ಅಂತ ಮನೆಗಳಲ್ಲೇ ಮಾಡಲ್ಲ, ಚಳಿಗಾಲದಲ್ಲಿ ಖುಷಿಯಿಂದ ತಿಂತಾರೆ. ಆ ನಂಬಿಕೆ ಜೊತೆ ಜಗಳ ಬೇಡ, ಆಗ ಅಂಬಲಿ ಮಾಡ್ಸಿ ಮಜ್ಜಿಗೆ ಹಾಕಿ ಕೊಡಿ, ಹಿಟ್ಟು ರಾತ್ರಿ ಹುಳಿ ಬಂದ್ರೆ ಫೈಟೇಟೂ ಕಮ್ಮಿ ಆಗುತ್ತೆ. ಊಟದ ಜೊತೆ ಅರ್ಧ ಹೋಳು ನಿಂಬೆ ಹಿಂಡಿದ ಕೋಸಂಬರಿ ಇಟ್ರೆ ಅದರ ವಿಟಮಿನ್ ಸಿ ಇಂದ ಕಬ್ಬಿಣ ಇನ್ನೂ ಚೆನ್ನಾಗಿ ಹತ್ತುತ್ತೆ. ಊಟ ಆದ ತಕ್ಷಣ ಚಹಾ ಕೊಡೋದನ್ನ ಮಾತ್ರ ನಿಲ್ಲಿಸಬೇಕು, ಅದು ಕಬ್ಬಿಣಾನ ತಡೆಯುತ್ತೆ.

"ರಕ್ತಹೀನತೆ ಪೂರ್ತಿ ಹೋಗಿಸೋದು" ಅನ್ನೋ ಸಾಲನ್ನ ಹೊಡೆದು ಹಾಕಿ ಅಂತ ಕೇಳ್ಕೊಳ್ತೀನಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಜನಕ್ಕೆ ರಕ್ತಹೀನತೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಇದೆಲ್ಲ ಕಬ್ಬಿಣ ಒಂದೇ ಇಲ್ಲದೆ ಆಗಿದ್ದಲ್ಲ. ಜಂತುಹುಳ ಇರುತ್ತೆ, ಫೋಲೇಟ್ ಇರಲ್ಲ, ಬಿ12 ಇರಲ್ಲ. ಬಿ12 ಅಂತೂ ಸಜ್ಜೆಲಿ ಇಲ್ಲ, ಎಷ್ಟು ಆರಿಸಿ ತಳಿ ಮಾಡಿದ್ರೂ ಬರಲ್ಲ, ಅದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಇರೋದು. ಅದಕ್ಕೇ ನಿಮ್ಮ ಬಜೆಟ್ ಪುಟದಲ್ಲಿ "ಮೊಟ್ಟೆ ಖರ್ಚು ಉಳಿತಾಯ" ಅಂತ ಕಂಡಾಗ ನನಗೆ ನಿಜವಾಗ್ಲೂ ಬೇಜಾರಾಯ್ತು ಮಾಸ್ತರ್ರೇ. ಸಜ್ಜೆ ಕೊಡ್ತೀವಿ ಅಂತ ಮೊಟ್ಟೆ ಕಿತ್ಕೋಬೇಡಿ. ಮೊಟ್ಟೆ ಮಕ್ಕಳಿಗೆ ಬೇಕಾ ಬೇಡ್ವಾ ಅಂತ ಈ ರಾಜ್ಯದಲ್ಲಿ ಎಷ್ಟು ಜಗಳ ಆಗಿ, ಆಮೇಲೆ ಶಾಲೆಗಳಿಗೆ ಮೊಟ್ಟೆ ಬಂತು ಅನ್ನೋದು ನಿಮಗೆ ಗೊತ್ತು, 2024ರಿಂದ ಶಾಲೇಲಿ ವಾರಕ್ಕೆ ಆರು ದಿನ ಆಗಿದೆ. ಹಾಗೇ ಹದಿಹರೆಯದ ಮಕ್ಕಳಿಗೆ ಸರ್ಕಾರ ಕೊಡೋ ವಾರಕ್ಕೊಂದು ನೀಲಿ ಗುಳಿಗೆ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತೆ ಫೋಲಿಕ್ ಆಸಿಡ್ ಎರಡೂ ಇದೆ, ಅದೂ ನಿಲ್ಲಬಾರದು. ರಕ್ತ ತೀರಾ ಕಮ್ಮಿ ಇರೋ ಹುಡುಗಿಗೆ ರೊಟ್ಟಿ ಔಷಧ ಅಲ್ಲ, ಅವಳನ್ನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗ್ಬೇಕು. ಸಜ್ಜೆಯ ಕೆಲಸ ಬೇರೆ: ಗುಳಿಗೆ ಮರೆತ ವಾರಾನೂ, ಹಾಸ್ಟೆಲ್ ಬಿಟ್ಟು ಮದುವೆ ಆಗಿ ಹೋದ್ಮೇಲೂ, ತಟ್ಟೇಲಿ ದಿನಾ ಒಂದಿಷ್ಟು ಜಾಸ್ತಿ ಇರ್ಲಿ ಅನ್ನೋದು. ಆ ಕೆಲಸ ಕಮ್ಮಿ ಏನಲ್ಲ.

ರೈತರ ಕಡೆಯಿಂದ ನೋಡಿದ್ರೆ ಒಂದು ತೊಡಕು ಕಾಣುತ್ತೆ. ಮೊಜಾಂಬಿಕ್, ಉಗಾಂಡಾದಲ್ಲಿ ವಿಟಮಿನ್ ಎ ಇರೋ ಸಿಹಿಗೆಣಸು ಊರೂರಿಗೆ ಹಬ್ಬಿತು, ಆ ಕೆಲಸ ಮಾಡಿದವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತೀನೂ ಬಂತು. ಆ ಗೆಣಸು ಕೊಯ್ದ್ರೆ ಒಳಗೆ ಕಿತ್ತಳೆ ಬಣ್ಣ, ತಾಯಂದಿರಿಗೆ ಸಂತೇಲಿ ಕಣ್ಣಿಗೇ ಗೊತ್ತಾಗುತ್ತೆ. ಕಬ್ಬಿಣಕ್ಕೆ ಬಣ್ಣ ಇಲ್ಲ. ಧನಶಕ್ತಿ ಕಾಳೂ ಪಕ್ಕದ ಹೊಲದ ಹೈಬ್ರಿಡ್ ಕಾಳೂ ರಾಶಿ ಹಾಕಿದ್ರೆ ವ್ಯಾಪಾರಿಗೆ ಎರಡೂ ಒಂದೇ, ರೇಟೂ ಒಂದೇ. 2024-25ಕ್ಕೆ ಸಜ್ಜೆ ಬೆಂಬಲ ಬೆಲೆ ಕ್ವಿಂಟಾಲ್‌ಗೆ 2,625 ರೂಪಾಯಿ ಇತ್ತು, ಅದಕ್ಕೆ ಕಬ್ಬಿಣ ನೋಡಿ ಒಂದು ರೂಪಾಯೀನೂ ಹೆಚ್ಚು ಸೇರಿಸಿರಲಿಲ್ಲ. ಹೈಬ್ರಿಡ್‌ಗಿಂತ ಇಳುವರಿ ಒಂದು ಚೀಲ ಕಮ್ಮಿ ಬಂದ್ರೂ ರೈತ ಮುಂದಿನ ವರ್ಷ ಬಿತ್ತಲ್ಲ, ಅವನದ್ದು ತಪ್ಪೂ ಅಲ್ಲ. ಹಾಗಾಗಿ ಎಷ್ಟು ಬೋನಸ್ ಕೊಡ್ತೀರಿ ಅನ್ನೋದನ್ನ ಬಿತ್ತೋಕೆ ಮುಂಚೆ ಕಾಗದದ ಮೇಲೆ ಬರ್ಕೊಡಿ. ಬೀಜ ಮನೇಲೇ ಇಟ್ಕೋಬಹುದು ಅನ್ನೋದು ಇದರ ದೊಡ್ಡ ಲಾಭ, ಆದ್ರೆ ಸಜ್ಜೆ ಪರಕೀಯ ಪರಾಗಸ್ಪರ್ಶದ ಬೆಳೆ, ಪಕ್ಕದ ಹೊಲದ ಪರಾಗ ಗಾಳೀಲಿ ಬಂದು ಬೆರೆತ್ರೆ ಎರಡು ಮೂರು ವರ್ಷದಲ್ಲಿ ತಳಿ ಕಲಸುಮೇಲೋಗರ ಆಗುತ್ತೆ. ಬೀಜಕ್ಕೆ ಅಂತಲೇ ಒಂದು ಹೊಲ ದೂರದಲ್ಲಿ ಬೇರೆ ಇಡಿ.

ಕಾಳಿನ ಕಬ್ಬಿಣ ಅಳೆಸ್ತೀವಿ ಅಂದಿದೀರ, ಒಳ್ಳೇದು. ಆದ್ರೆ ಟಾರು ರಸ್ತೆ ಮೇಲೆ ಹರಡಿ ಒಕ್ಕಿದ ಕಾಳನ್ನ ಕಳಿಸಬೇಡಿ. ಅದಕ್ಕೆ ಅಂಟಿರೋ ಮಣ್ಣಲ್ಲೂ ಕಬ್ಬಿಣ ಇರುತ್ತೆ, ರಿಪೋರ್ಟ್‌ನಲ್ಲಿ ನಂಬರ್ ಭರ್ಜರಿಯಾಗಿ ಬರುತ್ತೆ, ಮಕ್ಕಳ ಮೈಗೆ ಅದರಿಂದ ಉಪಯೋಗ ಇಲ್ಲ. ಹೊಲದಲ್ಲೇ ತೆನೆ ಕತ್ತರಿಸಿ ಕೈಯಲ್ಲಿ ಉಜ್ಜಿ ಬಿಡಿಸಿದ ಕಾಳನ್ನ ಕವರ್‌ಗೆ ಹಾಕಿ ಕಳಿಸಿ. ಮಕ್ಕಳ ರಕ್ತ ವರ್ಷಕ್ಕೆ ಎರಡು ಸಲ ನೀವೇ ತೆಗೆಸೋ ಯೋಚನೆ ಬಿಟ್ಬಿಡಿ, ತಂದೆತಾಯಿ ಒಪ್ಪಿಗೆ ಬೇಕು, ಡಾಕ್ಟ್ರು ಬೇಕು, ಜೊತೆಗೆ ಹೋಲಿಸಿ ನೋಡೋಕೆ ಸಜ್ಜೆ ಕೊಡದ ಇನ್ನೊಂದು ಹಾಸ್ಟೆಲ್ ಇಲ್ಲದಿದ್ರೆ ಏರಿದ್ದು ರೊಟ್ಟಿಯಿಂದಲೋ ಗುಳಿಗೆಯಿಂದಲೋ ಗೊತ್ತಾಗಲ್ಲ. ನಿಮ್ಮ ಕೈಲಾಗೋ ಲೆಕ್ಕ ಇದೆ: ಎಷ್ಟು ರೊಟ್ಟಿ ಬಂತು, ಎಷ್ಟು ತಟ್ಟೇಲಿ ಉಳೀತು, ಯಾವ ತಿಂಗಳು ಕಾಳು ಖಾಲಿ ಆಯ್ತು, ಎಷ್ಟು ರೈತರು ಎರಡನೇ ವರ್ಷಾನೂ ಬಿತ್ತಿದ್ರು. ಅಷ್ಟನ್ನ ಪ್ರಾಮಾಣಿಕವಾಗಿ ಬರೆದಿಟ್ರೆ ಅದನ್ನ ನೋಡಿ ಬೇರೆ ತಾಲೂಕಿನವರು ಕಲೀತಾರೆ.

ಒಟ್ಟು ತಾಲೂಕು ಬಿಟ್ಟು ಎರಡು ಹಾಸ್ಟೆಲ್ ಹಿಡೀರಿ. ವಾರಕ್ಕೆ ಐದಾರು ದಿನ ಒಂದು ಹೊತ್ತಾದ್ರೂ ಸಜ್ಜೆ ಇರೋ ಹಾಗೆ ಮಾಡಿ, ಮೊಟ್ಟೆ ಗುಳಿಗೆ ಮುಟ್ಟಬೇಡಿ, ರೊಟ್ಟಿ ಬಡಿಯೋರ ಕೂಲಿ ಬಜೆಟ್‌ನ ಮೊದಲನೇ ಸಾಲಲ್ಲಿ ಹಾಕಿ. ಹೀಗೆ ತಿದ್ದಿದ್ರೆ ಈ ಪ್ರಸ್ತಾವನೆಗೆ ನನ್ನ ಪೂರ್ತಿ ಬೆಂಬಲ ಇದೆ, ಹಣ ಕೊಡೋರಿಗೆ ಪತ್ರ ಬೇಕಂದ್ರೂ ಬರ್ಕೊಡ್ತೀನಿ. ಬೀಜಕ್ಕೆ ಗಂಗಾವತಿ ಕೃಷಿ ವಿಜ್ಞಾನ ಕೇಂದ್ರದವರನ್ನೂ ರಾಯಚೂರು ಕೃಷಿ ವಿಶ್ವವಿದ್ಯಾಲಯದವರನ್ನೂ ಈಗಲೇ ಕೇಳಿ ಇಡಿ, ಮುಂಗಾರು ಶುರುವಾದ್ಮೇಲೆ ಓಡಾಡಿದ್ರೆ ಅಂಗಡೀಲಿ ಸಿಕ್ಕಿದ ಯಾವುದೋ ಹೈಬ್ರಿಡ್ ಬಿತ್ತಬೇಕಾಗುತ್ತೆ.

ಸಂಪಾದಕ