‘ಮರ್ಯಾದೆಯಾಗಿ ಕೇಳ್ತಿದ್ದೀನಿ’ ಅಂದರೆ ಯಾಕೆ ಬೆದರಿಕೆಯಂತೆ ಕೇಳಿಸುತ್ತದೆ?

ಮರ್ಯಾದೆ ಅಂದರೆ ಸಭ್ಯ ನಡತೆ ಎಂದು ನಿಘಂಟಿನಲ್ಲಿದೆ, ಹಾಗಿದ್ದೂ ‘ಮರ್ಯಾದೆಯಾಗಿ ಕೇಳ್ತಿದ್ದೀನಿ, ನನ್ನ ಪುಸ್ತಕ ವಾಪಸ್ ಕೊಡಿ’ ಎಂದಾಗ ಎದುರಿನವರು ಯಾಕೆ ಸಿಟ್ಟಾದರು ಎಂದು ಕೇಳಿದ್ದೀರಿ. ನಿಘಂಟು ಸರಿಯಾಗೇ ಇದೆ. ಎಡವಟ್ಟಾಗಿದ್ದು ವಾಕ್ಯದಲ್ಲಿ.

ಸಂಸ್ಕೃತದಲ್ಲಿ ‘ಮರ್ಯಾದಾ’ ಎಂದರೆ ಎಲ್ಲೆ, ಗಡಿ. ಆ ಅರ್ಥ ಕನ್ನಡದಲ್ಲಿ ಇನ್ನೂ ಒಳಗೊಳಗೇ ಉಳಿದಿದೆ. ‘ಮರ್ಯಾದೆಯಾಗಿ ಎದ್ದು ಹೋಗು’ ಎಂದರೆ, ಸದ್ಯಕ್ಕೆ ನಾನು ಎಲ್ಲೆಯೊಳಗೆ ಇದ್ದೇನೆ, ಇನ್ನೊಂದು ಸಲ ಹೇಳಿಸಿಕೊಂಡರೆ ಇರುವುದಿಲ್ಲ ಎಂದು ಅರ್ಥ. ಅದಕ್ಕೇ ‘ಹೇಳ್ತಿದ್ದೀನಿ’, ‘ಕೇಳ್ತಿದ್ದೀನಿ’, ‘ಕೊಡು’, ‘ಹೋಗು’ ಇವುಗಳಿಗೆ ಮುಂಚೆ ‘ಮರ್ಯಾದೆಯಾಗಿ’ ಬಂದರೆ ಅದು ಎಚ್ಚರಿಕೆ. ಬೇರೆಯವರ ನಡತೆ ವರ್ಣಿಸುವಾಗ ಮಾತ್ರ ಹೊಗಳಿಕೆ: ‘ಹುಡುಗ ಎಲ್ಲರ ಹತ್ರ ಮರ್ಯಾದೆಯಾಗಿ ನಡ್ಕೊಂಡ.’

ಉಳಿದಂತೆ ಅರ್ಥ ನಿರ್ಧಾರವಾಗುವುದು ಜೊತೆಯ ಕ್ರಿಯಾಪದದಿಂದ. ‘ಮರ್ಯಾದೆ ಮಾಡು’ ಎಂದರೆ ಹಾರ, ಶಾಲು, ಊಟೋಪಚಾರದ ಸತ್ಕಾರ. ‘ಮರ್ಯಾದೆ ತೆಗೆ’ ಎಂದರೆ ನಾಲ್ಕು ಜನರ ಮುಂದೆ ಮಾನ ಹರಾಜು ಹಾಕುವುದು. ‘ಮರ್ಯಾದೆ ಹೋಯ್ತು’ ಎನ್ನಲು ಯಾರೂ ತೆಗೆಯಬೇಕಿಲ್ಲ, ನಾವೇ ಕಳೆದುಕೊಂಡಿರಬಹುದು. ‘ಮರ್ಯಾದೆ ಕೊಟ್ಟು ಮಾತಾಡು’ ಎನ್ನುವುದಕ್ಕೆ ಬಹಳ ಸಲ ಒಂದೇ ಅರ್ಥ: ‘ನೀನು, ಬಾ’ ಬಿಟ್ಟು ‘ನೀವು, ಬನ್ನಿ’ ಅನ್ನು. ಜಗಳ ಜೋರಾದಾಗ ಏಕವಚನಕ್ಕೆ ಇಳಿದದ್ದೇ ದೊಡ್ಡ ಅಪರಾಧವಾಗುವುದು ಇದರಿಂದಲೇ.

ಇದನ್ನು ‘ಗೌರವ’ದ ಜಾಗದಲ್ಲಿ ಕಣ್ಣುಮುಚ್ಚಿ ಹಾಕುವುದೂ ಸರಿಯಲ್ಲ. ‘ಮನಸ್ಸಿನಲ್ಲಿ ಅವರ ಬಗ್ಗೆ ಗೌರವವಿದೆ’ ಎನ್ನಬಹುದು; ಅಲ್ಲಿ ‘ಮರ್ಯಾದೆಯಿದೆ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಮರ್ಯಾದೆ ಹೊರಗೆ ಕಾಣಬೇಕು, ಮಾತಿನಲ್ಲೋ ಕುರ್ಚಿ ಬಿಟ್ಟು ಏಳುವುದರಲ್ಲೋ. ಒಳಗೆ ಎಳ್ಳಷ್ಟೂ ಗೌರವವಿಲ್ಲದೆ ಪೂರ್ತಿ ಮರ್ಯಾದೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಬರಹದಲ್ಲಿ ಬರೀ ಒಳ್ಳೆಯ ನಡವಳಿಕೆ ಎನ್ನಬೇಕಿದ್ದರೆ ‘ಸಭ್ಯತೆ’ ಅಥವಾ ‘ಸೌಜನ್ಯ’ ಹಾಕಿ, ಗೊಂದಲವಿರುವುದಿಲ್ಲ.

ಇನ್ನು ನಿಮ್ಮ ಪುಸ್ತಕ. ‘ಓದಿ ಆಗಿದ್ರೆ ಆ ಪುಸ್ತಕ ಕೊಡ್ತೀರಾ? ಸ್ವಲ್ಪ ಬೇಕಿತ್ತು’ ಎನ್ನಿ. ‘ಕೊಡಿ’ಯನ್ನು ‘ಕೊಡ್ತೀರಾ’ ಮಾಡಿ, ‘ಬೇಕು’ವನ್ನು ‘ಬೇಕಿತ್ತು’ ಮಾಡಿದರೆ ‘ಮರ್ಯಾದೆ’ ಎಂಬ ಪದವನ್ನು ಬಾಯಿಗೆ ತರಬೇಕಾಗಿಯೇ ಇಲ್ಲ.